ಎರಡು ಎಂಜಿನ್ ಬೋಟಿಗಿ ಪಂಖಾ ಯಾವ ಕಡಿ ತಿರುಗಬೇಕು: ಹೊರಕ್ಕ, ಒಳಕ್ಕ, ಇಲ್ಲಾ ಎರಡೂ ಒಂದೇ ಕಡಿ?

ಬೋಟ್ ತಗೋಬೇಕಂತ ವಿಚಾರಸೋರು ಮೊದಲ ಕೇಳೋದು ಎಷ್ಟು ಹೆಚ್‌ಪಿ ಅಂತ, ಆಮೇಲೆ ಪೆಟ್ರೋಲ್ ಎಷ್ಟು ಕುಡಿತದ ಅಂತ, ಆಮೇಲೆ ರೇಟು. ಪಂಖಾ, ಅಂದ್ರ ನೀರಾಗ ತಿರುಗಿ ಬೋಟ್ ನೂಕೋ ಪ್ರೊಪೆಲ್ಲರ್, ಯಾವ ಕಡಿ ತಿರುಗ್ತದ ಅಂತ ಯಾರೂ ಕೇಳಂಗಿಲ್ಲ. ಒಂದೇ ಎಂಜಿನ್ ಇದ್ರ ಕೇಳೋ ಜರೂರತ್ತೂ ಇಲ್ಲ ಬಿಡ್ರಿ, ಕಂಪನಿ ಕೊಟ್ಟಿದ್ದು ತಗೊಂಡು ಹೋಗೋದು ಅಷ್ಟೇ. ಆದ್ರ ಎರಡು ಎಂಜಿನ್ ಹಾಕಸ್ತೀನಿ ಅಂದ್ರ ಈ ಪ್ರಶ್ನಿ ಕೊಟೇಶನ್ ತರಿಸೋಕಿಂತ ಮೊದಲೇ ಬಗಿಹರೀಬೇಕು, ಯಾಕಂದ್ರ ಭಾಳ ಮಾಡೆಲ್‌ನಾಗ ತಿರುಗೋ ದಿಕ್ಕು ಎಂಜಿನ್ನಿನ ಕೆಳಗಿನ ಗೇರ್ ಡಬ್ಬಿ, ಅಂದ್ರ ಗೇರ್‌ಕೇಸಿನ ಒಳಗೇ ಕೂತಿರ್ತದ, ರೊಕ್ಕಾ ಕೊಟ್ಟು ಮನಿಗಿ ತಂದ ಮ್ಯಾಲ ಬರೀ ಪಂಖಾ ಬದ್ಲಿ ಮಾಡಿ ದಿಕ್ಕು ಬದ್ಲಿ ಮಾಡ್ತೀನಿ ಅಂದ್ರ ಆಗಂಗಿಲ್ಲ.

ನಾನು ಯಾದಗಿರಿ ಕಡಿಯಾವ, ಮುಂಬೈದಾಗ ಮರೀನ್ ವರ್ಕ್‌ಶಾಪಿನಾಗ ಓಬಿಎಂ, ಅಂದ್ರ ಬೋಟಿನ ಹಿಂದ ಹೊರಗ ಹಚ್ಚೋ ಔಟ್‌ಬೋರ್ಡ್ ಎಂಜಿನ್, ಬಿಚ್ಚಿ ಕೂಡಿಸೋ ಕೆಲಸ ಮಾಡಿದಾವ. ನಮ್ ಕಡಿ ಬೋಟ್ ಅಂದ್ರ ಮಂದಿಗಿ ನೆನಪಾಗೋದು 2020ರಾಗ ಭೀಮಾ ಉಕ್ಕಿ ಬಂದಾಗ ಊರಾಗಿಂದ ಜನರನ್ನ ಹೊರಗ ತಂದ ರಬ್ಬರ್ ಬೋಟ್, ಇಲ್ಲಾ ಕಲಬುರಗಿ ಅಪ್ಪನ ಕೆರಿಯಾಗಿನ ಪೆಡಲ್ ಬೋಟ್. ಅದರಾಗ ಎರಡು ಎಂಜಿನ್ನಿನ ಮಾತೇ ಬರಂಗಿಲ್ಲ. ಆದ್ರ ಈಗೀಗ ಕಾರಂಜಾ, ಬೆಣ್ಣೆತೊರಾ, ನಾರಾಯಣಪುರದ ಬಸವಸಾಗರ ಹಿನ್ನೀರು ಇಲ್ಲೆಲ್ಲಾ ಒಂದ್ ಒಳ್ಳೇ ಬೋಟ್ ಬಿಟ್ರ ಹ್ಯಾಂಗ ಅಂತ ಕೇಳೋರು ಒಬ್ಬಿಬ್ಬರು ಸಿಗ್ತಾರ, ಮತ್ತ ಗೋವಾ, ದುಬೈ ಕಡಿ ಬೋಟ್ ಮ್ಯಾಲ ಕೆಲಸ ಮಾಡೋ ನಮ್ ಹುಡುಗರೂ ಫೋನ್ ಮಾಡ್ತಾರ. ಅವರಿಗೆಲ್ಲಾ ಹೇಳಿದ್ದನ್ನೇ ಇಲ್ಲಿ ಬರದೀನಿ.

ಮೊದಲ ಎಡ ಪಂಖಾ ಬಲ ಪಂಖಾ ಗುರ್ತು ಹಿಡಿಯೋದು

ಬೋಟಿನ ಹಿಂದ ನಿಂತು ಮುಂದಕ್ಕ ಮಾರಿ ಮಾಡಿ ನೋಡ್ರಿ. ಗೇರ್ ಮುಂದಕ್ಕ ಹಾಕಿದಾಗ ಗಡಿಯಾರದ ಮುಳ್ಳು ತಿರುಗೋ ಕಡಿಗೇ ತಿರುಗಿದ್ರ ಅದು ಬಲ ಪಂಖಾ, ಉಲ್ಟಾ ತಿರುಗಿದ್ರ ಎಡ ಪಂಖಾ. ಪಂಖಾ ಬಿಚ್ಚಿ ಕೈಯಾಗ ಇದ್ರ ಇನ್ನೂ ಸಸಾರ. ಟೇಬಲ್ ಮ್ಯಾಲ ಶಾಫ್ಟಿನ ತೂತು ಮ್ಯಾಲ ಬರೋಹಂಗ ಮಲಗಿಸ್ರಿ, ನಿಮ್ಮ ಎದುರಿಗಿ ಬಂದ ಎಲಿ (ಪಂಖಾದ ರೆಕ್ಕಿ) ನೋಡ್ರಿ, ಅದರ ಬಲಗಡಿ ಅಂಚು ಮ್ಯಾಲ ಇದ್ರ ಬಲ ಪಂಖಾ, ಎಡಗಡಿ ಅಂಚು ಮ್ಯಾಲ ಇದ್ರ ಎಡ ಪಂಖಾ. ತಿರುವಿ ಬೋರಲು ಹಾಕಿ ನೋಡಿದ್ರೂ ಅದೇ ಉತ್ತರ ಬರ್ತದ, ಅದಕ್ಕ ಯಾವ ಕಡಿ ಮ್ಯಾಲ ಅಂತ ತಲಿ ಕೆಡಿಸ್ಕೋಬ್ಯಾಡ್ರಿ.

ಜಗತ್ತಿನಾಗ ಒಂದೇ ಎಂಜಿನ್ ಇರೋ ಬೋಟಿನಾಗ ಭಾಳಷ್ಟು ಬಲ ಪಂಖಾದವೇ. ಈ ಮಾತು ಮುಂದ ಸ್ಟೆಪ್ನಿ ಲೆಕ್ಕಕ್ಕ ಬರ್ತದ.

ದಿಕ್ಕಿನಿಂದ ಏನ್ ಫರಕ್ ಬೀಳ್ತದ

ಪಂಖಾ ನೀರನ್ನ ಬರೀ ಹಿಂದಕ್ಕ ನೂಕಂಗಿಲ್ಲ, ಬಗಲಿಗೂ ಜರಾ ತಳ್ತದ. ಬಲ ಪಂಖಾ ಮುಂದಕ್ಕ ಹೊಂಟಾಗ ಬೋಟಿನ ಹಿಂಭಾಗ ಬಲಕ್ಕ ಸರೀತದ, ರಿವರ್ಸ್ ಹಾಕಿದ್ರ ಎಡಕ್ಕ ಸರೀತದ. ರಿವರ್ಸಿನಾಗ ಈ ಎಳತ ಭಾಳ ಜೋರು. ಎಂಜಿನ್ ಬೋಟಿನ ಒಳಗ ಇದ್ದು ಶಾಫ್ಟ್ ಇಳಿಜಾರಾಗಿ ಕೂತಿರೋ ಇನ್‌ಬೋರ್ಡ್ ಬೋಟಿನಾಗ ಇದು ಕಣ್ಣಿಗಿ ಹೊಡ್ದಂಗ ಕಾಣ್ತದ, ಔಟ್‌ಬೋರ್ಡಿನಾಗ ಕಡಿಮಿ.

ಎರಡನೇದು ಓಡೋವಾಗಿನ ಕಥಿ. ಎಂಜಿನ್ ಪಂಖಾನ ಒಂದು ಕಡಿ ತಿರುಗಿಸಿದ್ರ ಅದರ ಉಲ್ಟಾ ಜೋರು ಬೋಟಿನ ಮ್ಯಾಲ ಬೀಳ್ತದ, ಬಲ ಪಂಖಾ ಇದ್ರ ಬೋಟ್ ಎಡಕ್ಕ ವಾಲ್ತದ. ಮತ್ತ ಎಂಜಿನ್ ಟ್ರಿಮ್, ಅಂದ್ರ ಅದರ ಓರೆ, ಬದ್ಲಿ ಮಾಡಿ ಶಾಫ್ಟ್ ನೀರಿಗಿ ಸಮ ಇಲ್ಲದಾಗ ಒಂದು ಕಡಿ ಎಲಿ ಇನ್ನೊಂದು ಕಡಿ ಎಲಿಗಿಂತ ಹೆಚ್ಚು ನೀರು ಕಚ್ತದ, ಅದಕ್ಕ ಸ್ಟೀರಿಂಗ್ ಒಂದೇ ಕಡಿ ಎಳಿತಿರ್ತದ. ಒಂದೇ ಎಂಜಿನ್ನಿಗಿ ಪಂಖಾದ ಮ್ಯಾಲಿನ ಪ್ಲೇಟಿಗಿ ಒಂದ್ ಸಣ್ಣ ಟ್ಯಾಬ್ ಇರ್ತದ ನೋಡ್ರಿ, ಅದನ್ನ ಜರಾ ತಿರುವಿ ಬೋಲ್ಟ್ ಬಿಗಿದು ಈ ಎಳತ ಸರಿ ಮಾಡ್ತಾರ. ಎರಡು ದೊಡ್ಡ ಎಂಜಿನ್ ಎರಡೂ ಬಲ ಪಂಖಾ ಆದ್ರ ವಾಲೋದೂ ಡಬಲ್, ಎಳಿಯೋದೂ ಡಬಲ್.

ಹೊರಕ್ಕ ತಿರುಗೋ ಜೋಡಿ

ಬಲಗಡಿ ಎಂಜಿನ್ನಿಗಿ ಬಲ ಪಂಖಾ, ಎಡಗಡಿ ಎಂಜಿನ್ನಿಗಿ ಎಡ ಪಂಖಾ. ಹಿಂದ ನಿಂತು ನೋಡಿದ್ರ ಎರಡರ ಮ್ಯಾಲಿನ ಎಲಿನೂ ಹೊರಕ್ಕ ಹೋಗ್ತಾವ. ಬ್ಯಾರೆ ಕಾರಣ ಇಲ್ಲಾಂದ್ರ ಕಂಪನಿಯವರು, ಬೋಟ್ ಕಟ್ಟೋರು ಹಾಕೋದು ಇದನ್ನೇ. ವಾಲೋದು ಒಂದಕ್ಕೊಂದು ಕಡಿತದ, ಸ್ಟೀರಿಂಗ್ ಎಳತ ಎರಡು ಎಂಜಿನ್ ನಡುವಿನ ಟೈ ಬಾರಿನಾಗೇ ಮುಗೀತದ, ಚಕ್ರ ಹಿಡಿದಾವನ ಕೈಗಿ ಬರಂಗಿಲ್ಲ.

ಖರೆ ಮಜಾ ಇರೋದು ನಿಧಾನಕ್ಕ ತಿರುಗಿಸೋವಾಗ. ಟ್ರ್ಯಾಕ್ಟರಿನಾಗ ಹೊಲದ ಬದುವಿನ ಹತ್ರ ಬಂದಾಗ ಒಂದೇ ಕಡಿ ಬ್ರೇಕ್ ತುಳಿದು ನಿಂತಲ್ಲೇ ತಿರುಗಿಸ್ತೀವಲ್ಲ, ಎರಡು ಎಂಜಿನ್ ಬೋಟಿನಾಗ ಹಂಗೇ ಸ್ಟೀರಿಂಗ್ ನಡುವ ಬಿಟ್ಟು ಒಂದು ಎಂಜಿನ್ ಮುಂದಕ್ಕ, ಒಂದು ಹಿಂದಕ್ಕ ಹಾಕಿದ್ರ ಬೋಟ್ ನಿಂತಲ್ಲೇ ತಿರುಗ್ತದ. ಮೂತಿ ಎಡಕ್ಕ ತಿರುಗಬೇಕು ಅಂದ್ರ ಬಲಗಡಿ ಎಂಜಿನ್ ಮುಂದ, ಎಡಗಡಿದು ರಿವರ್ಸ್. ಈಗ ಮ್ಯಾಲ ಹೇಳಿದ್ದು ಕೂಡಿಸಿ ನೋಡ್ರಿ: ಬಲ ಪಂಖಾ ಮುಂದಕ್ಕ ತಿರುಗ್ತಾ ಹಿಂಭಾಗನ ಬಲಕ್ಕ ತಳ್ತದ, ಎಡ ಪಂಖಾ ರಿವರ್ಸಿನಾಗ ಅದೂ ಹಿಂಭಾಗನ ಬಲಕ್ಕೇ ತಳ್ತದ. ಎರಡೂ ತಿರುವಿಗಿ ಸಾಥ್ ಕೊಟ್ಟು ಮೂತಿ ಎಡಕ್ಕ ಬರ್ತದ. ಬಲಕ್ಕ ತಿರುಗಿಸಿದ್ರೂ ಇದೇ ಲೆಕ್ಕ ಉಲ್ಟಾ. ಒಂದು ಮಾತು ನೆನಪಿಡ್ರಿ, ಎಲಿ ಆಕಾರ ಮುಂದಕ್ಕ ನೂಕಾಕ ಮಾಡಿದ್ದು, ಅದಕ್ಕ ರಿವರ್ಸಿನಾಗ ತಾಕತ್ತು ಕಡಿಮಿ, ನಿಂತಲ್ಲೇ ತಿರುಗಬೇಕಂದ್ರ ರಿವರ್ಸ್ ಎಂಜಿನ್ನಿಗಿ ಜರಾ ಹೆಚ್ಚು ರೇಸ್ ಕೊಡಬೇಕು, ಇಲ್ಲಾಂದ್ರ ಬೋಟ್ ತಿರುಗ್ತಾ ತಿರುಗ್ತಾ ಮುಂದ ಹೋಗಿ ಘಾಟಿನ ಮೆಟ್ಟಲಕ್ಕ ಬಡೀತದ.

ಇನ್ನೊಂದು ಫಾಯ್ದಾ, ಹೊರಕ್ಕ ತಿರುಗೋ ಪಂಖಾ ತೇಲಿ ಬರೋ ಕಸ ಕಡ್ಡಿನ ನಡುವಕ್ಕ ಎಳ್ಕೊಳ್ಳೋದು ಕಡಿಮಿ ಅಂತ ಹಳೇ ಬೋಟಿನವರು ಹೇಳ್ತಾರ. ಮಳಿಗಾಲದಾಗ ಭೀಮಾದಾಗ, ಕೃಷ್ಣಾದಾಗ ಏನೇನು ತೇಲಿ ಬರ್ತದ ಅಂತ ನೋಡಿದವರಿಗಿ ಇದರ ಬೆಲಿ ಗೊತ್ತು.

ಎರಡೂ ಒಂದೇ ಕಡಿ

ಬೀದರ್ ಕಡಿ ಸಾವಕಾರ್ರೊಬ್ಬರು ಕಾರಂಜಾದಾಗ ಬೋಟ್ ಬಿಡೋ ವಿಚಾರ ಇಟ್ಕೊಂಡು ಫೋನ್ ಹಚ್ಚಿದ್ರು. "ಅಲ್ಲೋ ತಮ್ಮಾ, ಎರಡೂ ಒಂದೇ ನಮೂನಿ ತಗೊಂಡ್ರ ಸ್ಟೆಪ್ನಿ ಪಂಖಾ ಒಂದೇ ಸಾಕಲ್ಲೇನು?"

"ಸಾಕ್ರಿ ಸಾವಕಾರ್ರ, ಆದ್ರ ಎಂಜಿನ್ ಎಷ್ಟು ಹೆಚ್‌ಪಿದು ಅಂತ ಮೊದಲ ಹೇಳ್ರಿ."

"ನಲವತ್ತು ನಲವತ್ತು."

"ಹಂಗಾದ್ರ ನೀವು ಹೇಳಿದ್ದೇ ಬರೋಬರಿ."

ಖರೇನೂ ಬರೋಬರಿನೇ. ಉಲ್ಟಾ ತಿರುಗೋ, ಅಂದ್ರ ಎಡ ಪಂಖಾದ, ಮಾಡೆಲ್ ಸಾಮಾನ್ಯವಾಗಿ ಸಿಗೋದೇ 115 ಹೆಚ್‌ಪಿ ಆಸುಪಾಸಿನಿಂದ ಮ್ಯಾಲ. ಅದಕ್ಕಿಂತ ಸಣ್ಣ ಎಂಜಿನ್ನಿನಾಗ ಎರಡೂ ಬಲ ಪಂಖಾನೇ ಬರ್ತಾವ, ನಿಮಗ ಆಯ್ಕಿನೇ ಇಲ್ಲ. ಆಯ್ಕಿ ಇಲ್ಲಂತ ನಷ್ಟಾನೂ ಇಲ್ಲ: ತಾಕತ್ತು ಕಡಿಮಿ ಇದ್ದಾಗ ವಾಲೋದೂ ಕಡಿಮಿ, ಡ್ರಮ್ಮಿನ ಮ್ಯಾಲ ಚಪ್ಪಟ ಅಟ್ಟ ಕಟ್ಟಿದ ಪಾಂಟೂನ್ ಆದ್ರಂತೂ ಅಗಲ ಇರ್ತದ, ಅದು ಅಲುಗಾಡಂಗಿಲ್ಲ. ತಿರುಗೋವಾಗ ಒಂದು ಕಡಿ ಸಲೀಸು, ಒಂದು ಕಡಿ ಜರಾ ತಡ ಅನ್ನೋ ಫರಕ್ ಇರ್ತದ, ಎರಡೂ ಬಲ ಪಂಖಾ ಇದ್ರ ಮೂತಿ ಬಲಕ್ಕ ಹೋಗೋದು ಸಲೀಸು, ಆ ಕಡಿಯಿಂದ ಘಾಟಿಗಿ ಬರೋದು ರೂಢಿ ಮಾಡ್ಕೊಂಡ್ರ ಮುಗೀತು.

ಆದ್ರ ಇದೇ ಮಾತು ಎರಡು 150 ಹೆಚ್‌ಪಿಗಿ ಹಚ್ಚಬ್ಯಾಡ್ರಿ. ಅಲ್ಲಿ ಸ್ಟೆಪ್ನಿ ಉಳಿಸಾಕ ಹೋಗಿ ಜೋರಾಗಿ ಓಡಿಸಿದಾಗೆಲ್ಲಾ ಬೋಟ್ ಒಂದೇ ಕಡಿ ವಾಲಿ ನಿಲ್ತದ, ಅದನ್ನ ಟ್ರಿಮ್ ಟ್ಯಾಬಿನಿಂದ (ಬೋಟಿನ ಹಿಂಭಾಗದ ತಳಕ್ಕ ಇರೋ, ಎತ್ತಿ ಇಳಿಸೋ ಪಟ್ಟಿ) ಸರಿ ಮಾಡಬೇಕು, ಟ್ಯಾಬ್ ಇಳಿಸಿದ್ರ ನೀರು ತಡಿತದ, ಪೆಟ್ರೋಲ್ ಹೆಚ್ಚು ಹೋಗ್ತದ. ಮಂದಿನ್ನ ಎಡಕ್ಕ ಬಲಕ್ಕ ಕೂಡ್ರಿಸಿ ತೂಕ ಸರಿ ಮಾಡೋ ಕೆಲಸ ಬ್ಯಾರೆ. ಕೇಬಲ್ ಸ್ಟೀರಿಂಗ್ ಇದ್ರ ಚಕ್ರ ಹಿಡಿದಾವನ ಭುಜ ಹಿಡಕೋತದ.

ಹಂಗಂತ ಸಾವಕಾರ್ರ ಪ್ರಶ್ನಿ ಹಗುರ ಅಲ್ಲ. ನಮ್ಮ ನೀರಿನಾಗ ಪಂಖಾ ಕೆಡೋದು ಖಾತ್ರಿ. ಬ್ಯಾಸಗಿಗಿ ನೀರು ಇಳಿದ್ರ ಮುಳುಗಿದ ಜಾಲಿ ಬೊಡ್ಡಿ, ಬಂಡೆಗಲ್ಲು ಎಲ್ಲಾ ಒಂದ್ ಗೇಣು ಕೆಳಗ ಬಂದು ನಿಂತಿರ್ತಾವ, ಮ್ಯಾಲಿಂದ ಕಾಣಂಗಿಲ್ಲ. ಅದಕ್ಕಿಂತ ಕೆಟ್ಟದ್ದು ಮೀನಿನ ಬಲಿ. ನೈಲಾನ್ ದಾರ ಪಂಖಾಕ್ಕ ಸುತ್ಕೊಂಡ್ರ ಹರಿದು ಹೋಗಂಗಿಲ್ಲ, ಪಂಖಾದ ಮುಂದ ಶಾಫ್ಟಿನ ಗುಂಟ ಒಳಗ ಹೊಕ್ಕು ಬಿಸಿಯಾಗಿ ಸೀಲ್ ಕೊರೀತದ. ಮ್ಯಾಲ ನೋಡಿದ್ರ ಬೋಟ್ ಚಂದ ಓಡ್ತಿರ್ತದ, ಗೇರ್ ಆಯಿಲ್ ಸ್ಕ್ರೂ ಬಿಚ್ಚಿದಾಗ ಗೊತ್ತಾಗ್ತದ, ಆಯಿಲ್ ಬೆಳ್ಳಗ ಆಗಿರ್ತದ, ನೀರು ಒಳಗ ಸೇರ್ಯಾದ ಅಂತ ಅರ್ಥ. ಬಲಿ ಸಿಕ್ಕಾಗೆಲ್ಲಾ ದಾರ ಕೊಯ್ದು ಒಗೆದು ಹೊಂಟು ಬಿಡಬ್ಯಾಡ್ರಿ, ದಂಡಿಗಿ ಬಂದ ಮ್ಯಾಲ ಸ್ಪ್ಲಿಟ್ ಪಿನ್ ತಗದು, ನಟ್ ಬಿಚ್ಚಿ, ಪಂಖಾ ಹೊರಗ ಎಳದು, ಒಳಗಿನ ದಪ್ಪ ವಾಷರಿನ ಹಿಂದ ಬೆಟ್ಟು ಹಾಕಿ ನೋಡ್ರಿ, ಅಲ್ಲೇ ಕೂತಿರ್ತದ ದಾರ.

ಅದಕ್ಕ ಹೊರಕ್ಕ ತಿರುಗೋ ಜೋಡಿ ತಗೊಂಡೋರು ಎರಡು ಸ್ಟೆಪ್ನಿ ಇಟ್ಕೋಬೇಕು, ಒಂದು ಎಡ ಒಂದು ಬಲ. ಒಂದೇ ಇಟ್ಕೋತೀನಿ ಅನ್ನೋರಿಗಿ ನನ್ನ ಸಲಹಾ: ಎಡದ್ದು ಇಟ್ಕೋರಿ. ಬಲ ಪಂಖಾ ಎಲ್ಲರೂ ಉಪಯೋಗಸೋದರಿಂದ ಮಂಗಳೂರಿನಾಗೋ ಗೋವಾದಾಗೋ ಡೀಲರ್ ರ್ಯಾಕಿನ ಮ್ಯಾಲ ಇರೋ ಸಾಧ್ಯತಾ ಜಾಸ್ತಿ, ಎಡ ಪಂಖಾ ನಿಮ್ಮ ಅಳತಿದು ಆರ್ಡರ್ ಹಾಕಿ ಕಾಯಬೇಕಾಗ್ತದ. ಕಲಬುರಗಿ ಬಜಾರದಾಗ ಎರಡೂ ಸಿಗಂಗಿಲ್ಲ ಅನ್ನೋದು ನಿಮಗೂ ಗೊತ್ತದ.

ಒಳಕ್ಕ ತಿರುಗೋ ಜೋಡಿ

ಇದು ಎಡ ಬಲ ಅದಲ್ ಬದಲ್ ಮಾಡಿದ್ದು, ಬಲಗಡಿ ಎಂಜಿನ್ನಿಗಿ ಎಡ ಪಂಖಾ. ಓಡೋವಾಗ ವಾಲೋದು ಇಲ್ಲೂ ಕಡಿತದ, ಅದರಾಗ ಫರಕ್ ಇಲ್ಲ. ಆದ್ರ ನಿಂತಲ್ಲೇ ತಿರುಗಿಸೋವಾಗ ಮ್ಯಾಲ ಹೇಳಿದ ಸಾಥ್ ಇಲ್ಲಿ ಅಡ್ಡಿ ಆಗ್ತದ, ಎಂಜಿನ್ ಒಂದು ಕಡಿ ತಿರುಗಿಸ್ತಿದ್ರ ಪಂಖಾದ ಬಗಲ ಎಳತ ಇನ್ನೊಂದು ಕಡಿ ತಳ್ತಿರ್ತದ. ಇನ್‌ಬೋರ್ಡಿನಾಗ ಎರಡು ಶಾಫ್ಟ್ ಹತ್ರ ಹತ್ರ ಇದ್ರ ಕೆಲವು ಬೋಟ್ ತಿರುಗಾಕೇ ಒಪ್ಪಂಗಿಲ್ಲ, ಗಾಳಿ ಇದ್ರಂತೂ ಮುಗೀತು.

ಹಂಗಾದ್ರ ಯಾಕ ಹಾಕ್ತಾರ? ರೇಸ್ ಬೋಟಿನವರು, ಕ್ಯಾಟಮರಾನಿನವರು (ಎರಡು ತಳ ಜೋಡಿಸಿದ ಬೋಟ್) ಕೆಲವರು ಹಾಕ್ತಾರ. ಕ್ಯಾಟಮರಾನಿನಾಗ ಎರಡು ಎಂಜಿನ್ ಒಂದಕ್ಕೊಂದು ಭಾಳ ದೂರ ಇರ್ತಾವ, ತಿರುಗಾಕ ಆ ದೂರಾನೇ ಸಾಕು, ಪಂಖಾದ ಎಳತದ ಸಹಾಯ ಬೇಕಾಗಂಗಿಲ್ಲ. ವೇಗದ ಬೋಟಿನಾಗ ಒಳಕ್ಕ ತಿರುಗಿಸಿದ್ರ ಮೂತಿ ಏಳೋದು, ಹಿಂಭಾಗ ಏಳೋದು ಬದ್ಲಾಗ್ತದ, ಯಾವುದು ಏಳ್ತದ ಎಷ್ಟು ಏಳ್ತದ ಅನ್ನೋದು ಆ ತಳದ ಆಕಾರದ ಮ್ಯಾಲ, ನೀರಿಗಿಳಿಸಿ ಎರಡೂ ನಮೂನಿ ಓಡಿಸಿ ನೋಡಿದ ಮ್ಯಾಲೇ ಗೊತ್ತಾಗೋದು. ದೊಡ್ಡ ಹಡಗಿನಾಗೂ ಹಿಂಭಾಗದ ಆಕಾರ ನೋಡಿ ಇಂಧನ ಉಳಿತದ ಅಂತ ಒಳಕ್ಕ ತಿರುಗಸೋದು ಅದ. ನಮ್ಮಂಥ ಶೋಕಿ ಬೋಟಿನವರಿಗಿ ಬೋಟ್ ಕಟ್ಟಿದಾವನೇ "ಈ ತಳಕ್ಕ ಒಳಕ್ಕ ಹಾಕ್ರಿ" ಅಂತ ಬರದು ಕೊಟ್ರ ಮಾತ್ರ ಹಾಕಬೇಕು, ಯಾರೋ ಸ್ಪೀಡ್ ಬರ್ತದ ಅಂದ್ರು ಅಂತ ಅಲ್ಲ.

ಗೇರ್‌ಕೇಸಿನ ಒಳಗ

ದಿಕ್ಕು ಪಂಖಾದಿಂದ ಬದ್ಲಾಗಂಗಿಲ್ಲ ಅಂದೆನಲ್ಲ, ಅದರ ಕಾರಣ ಹೇಳ್ತೀನಿ. ಎಂಜಿನ್ನಿಂದ ನೆಟ್ಟಗ ಕೆಳಗ ಇಳಿದು ಬರೋ ಶಾಫ್ಟಿನ ತುದಿಗಿ ಒಂದು ಸಣ್ಣ ಗೇರ್, ಅದರ ಮುಂದೊಂದು ಹಿಂದೊಂದು ದೊಡ್ಡ ಗೇರ್, ಎರಡೂ ಯಾವಾಗ್ಲೂ ಒಂದಕ್ಕೊಂದು ಉಲ್ಟಾ ತಿರುಗ್ತಿರ್ತಾವ. ನೀವು ಗೇರ್ ಹಾಕಿದಾಗ ನಡುವಿನ ಕ್ಲಚ್ ಸರಿದು ಒಂದಕ್ಕ ಕಚ್ಕೋತದ, ಅಷ್ಟೇ. ಮಾಮೂಲಿ ಎಂಜಿನ್ನಿನಾಗ ಮುಂದಿನ ಗೇರ್ ಫಾರ್ವರ್ಡ್, ಅದಕ್ಕೇ ಮಜಬೂತ್ ಬೇರಿಂಗ್ ಕೊಟ್ಟಿರ್ತಾರ, ಇಡೀ ಬೋಟ್ ನೂಕೋ ಜೋರು ತಡಿಬೇಕಲ್ಲ. ರಿವರ್ಸ್ ಗೇರ್ ನಾಕು ಮಾರು ಹಿಂದ ಸರಿಯಾಕ ಮಾತ್ರ. ಎಡ ಪಂಖಾ ತಂದು ಮಾಮೂಲಿ ಎಂಜಿನ್ನಿಗಿ ಹಾಕಿದ್ರ ಫಾರ್ವರ್ಡ್ ಹಾಕಿದಾಗ ಬೋಟ್ ಹಿಂದಕ್ಕ ಹೋಗ್ತದ. ಇರ್ಲಿ, ಲಿವರ್ ಉಲ್ಟಾ ಜೋಡಸ್ತೀನಿ ಅಂತ ಜುಗಾಡ್ ಮಾಡಿ ದಿನಾ ರಿವರ್ಸ್ ಗೇರಿನ ಮ್ಯಾಲೇ ಓಡಿಸಿದ್ರ ಆ ಗೇರ್, ಆ ಬೇರಿಂಗ್ ಪುಡಿ ಆಗ್ತಾವ. ಉಲ್ಟಾ ಮಾಡೆಲ್ಲಿನಾಗ ಕಂಪನಿಯವರು ಒಳಗಿನ ಬೇರಿಂಗ್ ಜೋಡಣಿನೇ ಬ್ಯಾರೆ ಮಾಡಿರ್ತಾರ.

ಇದಕ್ಕ ಹೊರತು ಇರೋವೂ ಅವ. ಸುಜುಕಿಯವರ ಕೆಲವು ದೊಡ್ಡ ಮಾಡೆಲ್ಲಿನಾಗ, ಉದಾಹರಣೆಗೆ ಡಿಎಫ್ 300ಎಪಿ, ಒಂದೇ ಗೇರ್‌ಕೇಸ್ ಎರಡೂ ಕಡಿಗಿ ನಡೀತದ, ವೈರಿನ ಒಂದ್ ಕನೆಕ್ಟರ್ ಹಾಕಿ ದಿಕ್ಕು ಆರಿಸ್ಕೋಬಹುದು. ಮರ್ಕ್ಯುರಿಯ ಬ್ರಾವೋ ಒನ್ ಸ್ಟರ್ನ್‌ಡ್ರೈವ್ (ಎಂಜಿನ್ ಬೋಟಿನ ಒಳಗ, ಗೇರ್‌ಕೇಸ್ ಹಿಂದ ಹೊರಗ) ಸಹ ಶಿಫ್ಟ್ ಕೇಬಲ್ ಜೋಡಿಸೋ ರೀತಿಯಿಂದ ಎರಡೂ ಕಡಿ ಓಡ್ತದ. ಯಮಹಾದಾಗ ಹೆಸರಿನಾಗೇ ಗೊತ್ತಾಗ್ತದ, ಎಫ್ 150 ಅಂದ್ರ ಮಾಮೂಲಿ, ಎಲ್‌ಎಫ್ 150 ಅಂದ್ರ ಉಲ್ಟಾ.

ಸೆಕೆಂಡ್ ಹ್ಯಾಂಡ್ ಜೋಡಿ ತಗೋಳೋರು ಇದನ್ನ ಕೈಯಿಂದ ಪರೀಕ್ಷೆ ಮಾಡ್ರಿ, ಮಾರೋವನ ಮಾತು ಬ್ಯಾಡ. ಲೇಬಲ್ ಸವೆದಿರ್ತದ, ಗೇರ್‌ಕೇಸ್ ಬದ್ಲಿ ಆಗಿರಬಹುದು, ಮತ್ತ ಬೋಟಿಗಿ ಎಡ ಬಲ ಪಂಖಾ ಹಾಕಿ ನಿಲ್ಲಿಸಿದ್ರೂ ಒಳಗಿನ ಗೇರ್ ಎರಡೂ ಒಂದೇ ಇರಬಹುದು. ಬ್ಯಾಟರಿ ತಗದು, ಪ್ಲಗ್ ಎಲ್ಲಾ ಬಿಚ್ಚಿ, ಫಾರ್ವರ್ಡ್ ಗೇರ್ ಹಾಕಿ, ಫ್ಲೈವೀಲನ್ನ ಎಂಜಿನ್ ತಿರುಗೋ ದಿಕ್ಕಿಗೇ ಕೈಯಿಂದ ತಿರುಗಿಸ್ರಿ, ಒಬ್ಬರು ಹಿಂದ ನಿಂತು ಪಂಖಾದ ಶಾಫ್ಟ್ ಯಾವ ಕಡಿ ಹೋಗ್ತದ ನೋಡ್ರಿ. ಹತ್ತು ನಿಮಿಷದ ಕೆಲಸ, ಲಕ್ಷಗಟ್ಟಲೆ ರೊಕ್ಕದ ಪ್ರಶ್ನಿ.

ಒಂದೇ ಕಾಲಿಗಿ ಎರಡು ಪಂಖಾ

ಇದೂ ಲೆಕ್ಕಕ್ಕ ತಗೋಬೇಕು. ಕಾಲು ಅಂದ್ರ ನೀರಾಗ ಇಳಿಯೋ, ಪಂಖಾ ಹಚ್ಚಿರೋ ಭಾಗ. ವೋಲ್ವೋ ಪೆಂಟಾದವರು 1959ರಾಗ ಅಕ್ವಾಮ್ಯಾಟಿಕ್ ಅಂತ ಸ್ಟರ್ನ್‌ಡ್ರೈವ್ ತಂದ್ರು, 1982ರಾಗ ಡ್ಯುಯೋಪ್ರಾಪ್ ತಂದ್ರು, ಒಂದೇ ಶಾಫ್ಟಿನ ಗುಂಟ ಒಂದರ ಹಿಂದ ಒಂದು ಎರಡು ಪಂಖಾ, ಒಂದು ಆ ಕಡಿ, ಒಂದು ಈ ಕಡಿ. ಔಟ್‌ಬೋರ್ಡಿನಾಗ 2017ರಾಗ ಸುಜುಕಿ ಡಿಎಫ್ 350ಎ ಹಂಗೇ ಬಂತು, 2021ರಾಗ ಮರ್ಕ್ಯುರಿಯ 600 ಹೆಚ್‌ಪಿ ವಿ12. ಇಂಥವು ಎರಡು ಹಾಕಿದ್ರ ದಿಕ್ಕಿನ ಪ್ರಶ್ನಿನೇ ಏಳಂಗಿಲ್ಲ, ಒಂದೊಂದು ಕಾಲಿನಾಗೇ ಎಳತ ಕಡಿದು ಹೋಗಿರ್ತದ. ರಿವರ್ಸಿನಾಗ ಸೀದಾ ಹೋಗ್ತದ, ನೀರು ಗಟ್ಟಿ ಹಿಡೀತದ. ಆದ್ರ ಪಂಖಾ ಜೋಡಿ ಲೆಕ್ಕದಾಗ ತಗೋಬೇಕು, ಬಲಿ ದಾರ ಎರಡರ ನಡುವ ಹೊಕ್ರ ಬಿಡಿಸೋದು ಸಾಕು ಸಾಕಾಗ್ತದ. ಸಮುದ್ರಕ್ಕ, ಆಳ ನೀರಿಗಿ ನನಗ ಭಾಳ ಪಸಂದ್, ಬಸವಸಾಗರದಾಗ ಬಲಿ ಹಾಕಿರೋ ಕಡಿಗಿ ನಾನು ಹಾಕಂಗಿಲ್ಲ.

ಜಾಯ್‌ಸ್ಟಿಕ್ ಇರೋ ಬೋಟಿನಾಗೂ ದಿಕ್ಕಿನ ಫರಕ್ ಕೈಗಿ ಕಡಿಮಿ ಗೊತ್ತಾಗ್ತದ, ಪ್ರತಿ ಎಂಜಿನ್ನನ್ನ ಕಂಪ್ಯೂಟರೇ ಬ್ಯಾರೆ ಬ್ಯಾರೆ ತಿರುವ್ತದ.

ಈಗ ಯಾರು ಏನ್ ತಗೋಬೇಕು

ಕಾರಂಜಾ, ಬೆಣ್ಣೆತೊರಾದಂಥ ನೀರಿನಾಗ ಹತ್ತು ಹದಿನೈದು ಮಂದಿ ಕೂಡ್ರಿಸ್ಕೊಂಡು ನಿಧಾನಕ್ಕ ಸುತ್ತೋ ಪಾಂಟೂನ್ ಆದ್ರ ಎರಡು ಸಣ್ಣ ಎಂಜಿನ್, ಎರಡೂ ಬಲ ಪಂಖಾ, ಅಲ್ಯೂಮಿನಿಯಂದೇ ಇರ್ಲಿ. ಸ್ಟೀಲ್ ಪಂಖಾ ಹೊಳೀತದ ಖರೆ, ಬಂಡೆಗಲ್ಲಿಗಿ ಬಡಿದ್ರ ಅದು ಮುರಿಯೋದು ಕಡಿಮಿ, ಏಟು ಸೀದಾ ಒಳಗಿನ ಗೇರಿಗಿ ಹೋಗ್ತದ. ಎರಡು ಎಂಜಿನ್ ಯಾಕ ಅಂದ್ರ ಮುಂಗಾರಿನ ಗಾಳಿ. ಬಯಲು ನೀರಿನ ಮ್ಯಾಲ ಪಾಂಟೂನಿಗಿ ಗಾಳಿ ಬಡಿದ್ರ ಒಂದೇ ಎಂಜಿನ್ನಿನಾಗ ಘಾಟಿಗಿ ತಂದು ಹಚ್ಚೋದು ಕಷ್ಟ, ಮತ್ತ ಒಂದು ಕೆಟ್ರ ಇನ್ನೊಂದರ ಮ್ಯಾಲ ದಂಡಿಗಿ ಬರಬಹುದು. ಬರೋವಾಗ ಕೆಟ್ಟಿದ್ದನ್ನ ನೀರಿನಿಂದ ಮ್ಯಾಲ ಎತ್ತಿ ಬಿಡ್ರಿ.

ನಾರಾಯಣಪುರದಂಥ ದೊಡ್ಡ ಹಿನ್ನೀರಿನಾಗ ಜೋರಾಗಿ ಓಡೋ, 115ಕ್ಕ ಮ್ಯಾಲಿನ ಜೋಡಿ ಎಂಜಿನ್ ಆದ್ರ ಹೊರಕ್ಕ ತಿರುಗೋದೇ, ಎರಡನೇ ಮಾತಿಲ್ಲ. ಗೋವಾ ದುಬೈ ಕಡಿ ಇರೋ ಹುಡುಗರಿಗೂ ಇದೇ. ಚಿಂಚೋಳಿ ಚಂದ್ರಂಪಳ್ಳಿಯಂಥ ಸಣ್ಣ ಜಾಗಾಕ್ಕ ಎರಡು ಎಂಜಿನ್ನೇ ಬ್ಯಾಡ, ಅದು ಕಾಡಿನ ನಡುವಿನ ನೀರು, ಸದ್ದೂ ಕಡಿಮಿ ಇರ್ಲಿ. ಎಲ್ಲೇ ಬಿಡ್ರಿ, ನೀರಾವರಿ ನಿಗಮದವರ ಪರವಾನಗಿ, 2021ರ ಒಳನಾಡು ಹಡಗು ಕಾಯ್ದೆ ಪ್ರಕಾರ ನೋಂದಣಿ ಇವೆಲ್ಲಾ ಮೊದಲ ವಿಚಾರಿಸ್ಕೋರಿ, ಎಂಜಿನ್ ಆಮೇಲೆ.

ಯಾವುದೇ ಜೋಡಿ ತಗೋರಿ, ಎರಡು ಪಂಖಾದ ಪಿಚ್ ಒಂದೇ ಇರಬೇಕು. ಪಂಖಾದ ಮ್ಯಾಲ ಕೊರೆದಿರ್ತದ, 17 ಅಂದ್ರ ಲೆಕ್ಕದ ಪ್ರಕಾರ ಒಂದು ಸುತ್ತಿಗಿ 17 ಇಂಚು ಮುಂದ ಹೋಗಬೇಕು ಅಂತ. ಒಂದು ಇಂಚು ಪಿಚ್ ಹೆಚ್ಚು ಕಡಿಮಿ ಆದ್ರ ಫುಲ್ ರೇಸಿನಾಗ 150ರಿಂದ 200 ಆರ್‌ಪಿಎಂ ಫರಕ್ ಬೀಳ್ತದ. ಪೂರ್ತಿ ಲೋಡ್ ಹಾಕಿ, ಫುಲ್ ರೇಸ್ ಕೊಟ್ಟು ಎರಡೂ ಮೀಟರ್ ನೋಡ್ರಿ, ಕಂಪನಿ ಪುಸ್ತಕದಾಗ ಬರೆದ ಮಿತಿ ಒಳಗ ಎರಡೂ ಬರಬೇಕು, ಮತ್ತ ಒಂದಕ್ಕೊಂದು ಹತ್ರ ಇರಬೇಕು. ಒಂದು ಹಿಂದ ಬಿದ್ರ ಆ ಪಂಖಾದ ಎಲಿ ಎಲ್ಲೋ ಬಾಗಿರ್ತದ.

ಮತ್ತ ಡಬ್ಬಿಯಾಗಿನ ಸ್ಟೆಪ್ನಿ ಮ್ಯಾಲ ಪೇಂಟಿನಿಂದ ಎಡ, ಬಲ ಅಂತ ದಪ್ಪಗ ಬರದಿಡ್ರಿ. ಎರಡೂ ಕರೀ ಬಣ್ಣದ್ದೇ ಇರ್ತಾವ, ನಡು ನೀರಿನಾಗ ಸಂಜಿ ಹೊತ್ತಿನಾಗ ಎದಿ ಮಟ್ಟ ನೀರಿಗಿಳಿದು ನಟ್ ಬಿಗಿಯೋ ಹುಡುಗನಿಗಿ ಎಲಿ ಅಂಚು ನೋಡೋ ಪುರಸೊತ್ತು ಇರಂಗಿಲ್ಲ.